ಒಡೆಯನ ಹೆಸರು ಖಾಲಿ ಬಿಡುವಂತಿಲ್ಲ

ಪೂರ್ವ ಗುಡ್ಡದ ಚರ್ಚುಗಳ ಒಕ್ಕೂಟದ ದಾಖಲಾತಿ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ಐದು ತಿಂಗಳ ಮಗಳಿಗೆ ಒಡೆಯರಿಲ್ಲ. ಒಡೆಯರಿಲ್ಲದ ಕಾರಣ ಅವಳಿಗೆ ದೀಕ್ಷಾಸ್ನಾನ ಕೊಡಲು ಬರುವುದಿಲ್ಲವೆಂದು ನಿಮ್ಮ ಕಚೇರಿ ಎರಡು ಸಲ ತಿಳಿಸಿತು. ಮೂರನೆಯ ಸಲ, ಕಳೆದ ಮಂಗಳವಾರ, ನನ್ನನ್ನು ಕೇಳದೆಯೇ ನೀವೇ ಒಬ್ಬ ಒಡೆಯನನ್ನು ಹುಡುಕಿಕೊಟ್ಟಿರಿ. ಆ ಉಪಕಾರಕ್ಕೆ ಉತ್ತರವಾಗಿ ಈ ಪತ್ರ. ಖಾಸಗಿಯಾಗಿ ಬರೆದ ನಾಲ್ಕು ಪತ್ರಗಳಿಗೆ 'ನಿಮ್ಮ ಮನವಿ ತಲುಪಿದೆ' ಎಂಬ ಒಂದೇ ಸಾಲು ಬಂದದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಮಗು ಏಳುವುದರೊಳಗೆ ಬರೆದು ಮುಗಿಸಬೇಕು. ತಪ್ಪುಗಳಿದ್ದರೆ ಮನ್ನಿಸಿ, ಐದು ತಿಂಗಳಿಂದ ನಾನು ಒಂದೇ ಸಮನೆ ಎರಡು ಗಂಟೆ ನಿದ್ದೆ ಮಾಡಿದವಳಲ್ಲ.

ನಡೆದದ್ದು ಓದುಗರಿಗೂ ತಿಳಿಯಲಿ. ನಮ್ಮ ಬಾರ್ಬಡೋಸಿನ ಪೂರ್ವ ತೀರದ ಈ ಗುಡ್ಡದ ಚರ್ಚಿನಲ್ಲಿ ನನಗೆ, ನನ್ನ ತಾಯಿಗೆ, ಅವಳ ತಾಯಿಗೆ ನೀರು ಹಾಕಿದ್ದು ಒಂದೇ ಕಲ್ಲಿನ ತೊಟ್ಟಿಯಿಂದ. ಈ ವರ್ಷ ನೀವು ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದಿರಿ. ಹೊಸ ಅರ್ಜಿ ಹೇಗಿರಬೇಕೆಂದು ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲವೇನೋ, ಕಪಾಟಿನ ಅತ್ಯಂತ ಹಳೆಯ ಪುಸ್ತಕವನ್ನು ತೆಗೆದು ಅದರ ಕಾಲಂಗಳನ್ನು ಇದ್ದ ಹಾಗೆಯೇ ಇಳಿಸಿಕೊಂಡಿರಿ. ಮಗುವಿನ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು, ಒಡೆಯನ ಹೆಸರು. ತಂದೆಗೆ ಕಾಲಂ ಇಲ್ಲ. ಆ ಪುಸ್ತಕ ೧೮೧೯ರದು. ಆಗ ನಮ್ಮಂಥವರಿಗೆ ತಂದೆ ಬೇಕಾಗಿರಲಿಲ್ಲ, ಒಡೆಯ ಸಾಕಾಗುತ್ತಿದ್ದ.

"ಒಡೆಯನ ಹೆಸರು ಬಿಟ್ಟಿದೀಯಲ್ಲಮ್ಮ?" ಎಂದರು ಚರ್ಚಿನ ಗುಮಾಸ್ತೆ ಮಿಸ್ ಅಂಡೀನ್, ಕನ್ನಡಕದ ಮೇಲಿಂದ ನೋಡುತ್ತ. ಭಾನುವಾರದ ಶಾಲೆಯಲ್ಲಿ ನನಗೆ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಿದವರು ಇವರೇ.

"ಇವಳಿಗೆ ಒಡೆಯರಿಲ್ಲ, ಮಿಸ್."

"ಇಲ್ಲ ಅಂದ್ರೆ ಹೇಗೆ? ಕೆಂಪಗೆ ತೋರಿಸ್ತಿದೆ ನೋಡು. ಕೆಂಪು ಹೋಗ್ದೆ ನಂಬರ್ ಬರಲ್ಲ. ನಂಬರ್ ಬರ್ದೆ ಪಾದ್ರಿಗಳು ನೀರು ಮುಟ್ಟಲ್ಲ."

"ಗುಲಾಮಗಿರಿ ಹೋಗಿ ಇನ್ನೂರು ವರ್ಷ ಆಗ್ತಾ ಬಂತಲ್ಲ, ಮಿಸ್."

"ನನಗೆ ಗೊತ್ತು ಕಣೆ. ಇದಕ್ಕೆ ಯಾರಾದ್ರೂ ಹೇಳ್ಬೇಕಲ್ಲ! ಏನೋ ಒಂದು ಹಾಕು. ನಿನ್ನ ಹೆಸರೇ ಹಾಕು, ಹೆತ್ತೋಳು ನೀನೇ ತಾನೇ?"

ಹಾಕಿದೆವು. 'ತಾಯಿ ಮತ್ತು ಒಡೆಯ ಒಬ್ಬರೇ ಆಗಿರತಕ್ಕದ್ದಲ್ಲ' ಎಂದಿತು ಯಂತ್ರ. ಅಷ್ಟರಲ್ಲಿ ಹೊರಗೆ ಮಿನಿಬಸ್ಸಿನ ಹಾರನ್. ನನ್ನ ಗಂಡ ಕೆಮಾರ್ ಅದರ ಚಾಲಕ. ಟ್ರಿಪ್ಪಿನ ನಡುವೆಯೇ ನನ್ನನ್ನು ಇಳಿಸಿ ಕಾಯುತ್ತಿದ್ದ. ಕಿಟಕಿಗೆ ತಲೆ ತೂರಿಸಿ, "ಆಯ್ತಾ? ಹದಿನಾಲ್ಕು ಜನ ಬೇಯ್ತಾ ಇದಾರೆ ಇಲ್ಲಿ!" ಎಂದ.

"ನಿನ್ನ ಮಗಳಿಗೆ ಒಡೆಯ ಬೇಕಂತೆ."

"ಅವಳಿಗಾ? ಅವಳೇ ನಮ್ಮಿಬ್ರಿಗೂ ಒಡತಿ. ಆ ಕಾಲಂ ತಲೆಕೆಳಗೆ ಮಾಡಿ ತುಂಬಕ್ಕೆ ಹೇಳು!"

ಬಸ್ಸಿನೊಳಗಿಂದ ಯಾರೋ ಹೆಂಗಸು ಕೂಗಿದಳು: "ನಮ್ಮತ್ತೆ ಹೆಸರು ಹಾಕು ತಂಗಿ! ಸಿಕ್ಕಿದೋರನ್ನೆಲ್ಲ ಆಳ್ತಾಳೆ!"

ಮಿಸ್ ಅಂಡೀನ್‌ರ ಮುಖ ಇದ್ದಕ್ಕಿದ್ದಂತೆ ಅರಳಿತು. "ದೇವರು ಅಂತ ಹಾಕೋಣ. ದಿನಾ ಪ್ರಾರ್ಥನೇಲಿ 'ಒಡೆಯನೇ, ಒಡೆಯನೇ' ಅಂತ ಕೂಗೋದು ಅವನನ್ನೇ ಅಲ್ವಾ?" ಇದಕ್ಕಿಂತ ಒಳ್ಳೆಯ ದೈವಶಾಸ್ತ್ರ ಈ ದ್ವೀಪದಲ್ಲಿ ಈವರೆಗೆ ಯಾರೂ ಹೇಳಿಲ್ಲವೆಂದು ನನ್ನ ನಂಬಿಕೆ. ಯಂತ್ರ ಒಡೆಯನ ಹುಟ್ಟಿದ ದಿನ ಕೇಳಿತು. ಅವರು ತಡವರಿಸದೆ ಡಿಸೆಂಬರ್ ಇಪ್ಪತ್ತೈದು ಎಂದು ಒತ್ತಿದರು. ವರ್ಷ ಕೇಳಿತು. "ಒಂದು ಅಂತ ಹಾಕ್ಲಾ?" ಎಂದರು. ಹಾಕಿದರು. 'ಒಡೆಯನ ವಯಸ್ಸು ನೂರ ಇಪ್ಪತ್ತನ್ನು ಮೀರುವಂತಿಲ್ಲ.' ಕೆಳಗೆ ಮನೆಯ ವಿಳಾಸವನ್ನೂ ಕೇಳಿತ್ತು. ಮಿಸ್ ಅಂಡೀನ್ ಸುಮ್ಮನೆ ಛಾವಣಿಯ ಕಡೆ ನೋಡಿದರು.

ನಾನು ನಿಮಗೆ ಬರೆದೆ. ನಿಮ್ಮ ಕಚೇರಿಯ ಯಾರೋ ಫೋನ್ ಮಾಡಿ, ಹಿಂದಿನ ಪದ್ಧತಿಯನ್ನು ಪರಿಶೀಲಿಸಿ ತೀರ್ಮಾನಿಸಲಾಗುವುದು ಎಂದರು. ಸರಿ, ನಾನೂ ಪರಿಶೀಲಿಸೋಣವೆಂದುಕೊಂಡೆ; ಕೇವ್ ಹಿಲ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಇತಿಹಾಸ ಓದಿದ್ದು ಯಾವುದಕ್ಕಾದರೂ ಬರಲಿ. ನನ್ನ ಅಜ್ಜಿ ಅರ್ಮಿನ್‌ಗೆ ಎಂಬತ್ತೊಂಬತ್ತು. ಅವಳನ್ನು ಕೆಮಾರ್‌ನ ಬಸ್ಸಿನಲ್ಲಿ ಕರೆತಂದು, ಮಿಸ್ ಅಂಡೀನ್‌ರಿಂದ ಆ ಪುಸ್ತಕವನ್ನು ಮೇಜಿನ ಮೇಲೆ ಇಡಿಸಿದೆ. ಅಜ್ಜಿ ಬೆರಳಿಟ್ಟು ಇಳಿಯುತ್ತ ಹದಿನಾಲ್ಕನೆಯ ಸಾಲಿಗೆ ನಿಂತಳು. ಫಿಬಾ, ಇನ್ನು ಮುಂದೆ ಪೇಷನ್ಸ್. ತಾಯಿ: ತಿಳಿದಿಲ್ಲ. ಒಡೆಯ: ಈ ಚರ್ಚಿನ ಪಾದ್ರಿ. ದೀಕ್ಷೆ ಕೊಟ್ಟವರು: ಈ ಚರ್ಚಿನ ಪಾದ್ರಿ.

ಅಜ್ಜಿಯ ಅಜ್ಜಿಗೂ ಹಿಂದಿನವಳು ಈ ಫಿಬಾ. ಆಫ್ರಿಕದಿಂದ ಬಂದ ನಮ್ಮವರು ಶುಕ್ರವಾರ ಹುಟ್ಟಿದವಳಿಗೆ ಇಡುವ ಹೆಸರು ಅದು. ನನ್ನ ಮಗಳೂ ಶುಕ್ರವಾರವೇ ಹುಟ್ಟಿದ್ದು, ಅದೇ ಹೆಸರಿಟ್ಟಿದ್ದೇನೆ. ಆಗಿನ ಪಾದ್ರಿಗಳು ಅವಳ ಹೆಸರನ್ನು ಕಿತ್ತು ಪೇಷನ್ಸ್, ಅಂದರೆ ಸಹನೆ, ಎಂದು ಬರೆದರು. ಉಪದೇಶಕ್ಕೆ ಭಾನುವಾರದವರೆಗೂ ಕಾಯುವ ಕಷ್ಟವಿಲ್ಲ ನೋಡಿ, ಕರೆದಾಗಲೆಲ್ಲ ಆಯಿತು.

ಮಾನ್ಯರೇ, ಆ ಬೆಳಗ್ಗೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಒದ್ದೆ ಕೈಯನ್ನು ಅವಳ ನೆತ್ತಿಯ ಮೇಲಿಟ್ಟು ಈ ಮನುಷ್ಯ ಹೇಳಿದರು: ಇವಳು ದೇವರ ಮಗಳು, ಸ್ವರ್ಗದ ವಾರಸುದಾರಳು. ಆಮೇಲೆ ಕೈ ಒರೆಸಿಕೊಂಡು, ಲೇಖನಿ ಅದ್ದಿ ಬರೆದರು: ನನ್ನವಳು. ಹಾಗಾದರೆ ಅವರು ಕದ್ದದ್ದು ಯಾರ ಮನೆಯಿಂದ? 'ಕದಿಯಬಾರದು' ಎಂಬ ಎಂಟನೆಯ ಆಜ್ಞೆ ಈ ಗುಡ್ಡ ಹತ್ತುವಷ್ಟರಲ್ಲಿ ಸುಸ್ತಾಗಿ ಕೆಳಗೇ ಕುಳಿತಿತ್ತೇ? ನೀರು ಆತ್ಮವನ್ನು ತೊಳೆಯುತ್ತದೆ, ಸಂಕೋಲೆಯನ್ನು ಮುಟ್ಟುವುದಿಲ್ಲ ಎಂದು ಅವರು ಬೋಧಿಸುತ್ತಿದ್ದರು. ಎಷ್ಟು ಜಾಣ ನೀರು! ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ವಚನ ವಾರವಾರವೂ ಓದಲ್ಪಡುತ್ತಿತ್ತು. ಕ್ರಿಸ್ತನಲ್ಲಿ ದಾಸನೆಂದಿಲ್ಲ, ಸ್ವತಂತ್ರನೆಂದಿಲ್ಲ ಎಂಬ ವಚನ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

"ಆ ಪುಟಾನ ಜಿರಲೆ ತಿಂದಿತ್ತೇನೋ, ಬಿಡು," ಎಂದಳು ಅಜ್ಜಿ. ಬೆರಳನ್ನು ಆ ಸಾಲಿನಿಂದ ಎತ್ತದೆ, "ಆ ಪಾದ್ರಿ ಅಷ್ಟೇನೂ ಕೆಟ್ಟೋನಲ್ಲ ಅಂತಿದ್ಲು ನಮ್ಮಜ್ಜಿ. ಭಾನುವಾರ ಹೊಡೀತಿರ್ಲಿಲ್ವಂತೆ" ಎಂದಳು. ಮಿಸ್ ಅಂಡೀನ್ ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿದರು.

ಆ ಪಾದ್ರಿ ತಮ್ಮ ಕಾಲದ ಮನುಷ್ಯ ಎನ್ನುತ್ತೀರಿ, ನನಗೆ ಗೊತ್ತು. ಫಿಬಾಳೂ ಅದೇ ಕಾಲದವಳು. ಅವಳ ಅಭಿಪ್ರಾಯ ಯಾವ ಕಾಲಂನಲ್ಲಿದೆ?

ಇನ್ನು ಮಂಗಳವಾರದ ವಿಷಯ. ಮೂವತ್ತು ದಿನ ಒಡೆಯನ ಹೆಸರು ಖಾಲಿ ಉಳಿದಿದ್ದರಿಂದ, 'ಪೂರ್ವನಿದರ್ಶನದಂತೆ ಚರ್ಚನ್ನೇ ಒಡೆಯನೆಂದು ನಮೂದಿಸಲಾಗಿದೆ, ಅಭಿನಂದನೆಗಳು' ಎಂದು ನಿಮ್ಮಿಂದ ಸಂದೇಶ ಬಂತು. ಹಿಂದೆಯೇ ಮಿಸ್ ಅಂಡೀನ್‌ರ ಫೋನು. "ಕೆಂಪು ಹೋಯ್ತು ಕಣೇ! ಹಸಿರು ಬಂತು! ಬರೋ ಭಾನುವಾರಾನೇ ಇಟ್ಕೊಂಡಿದಾರೆ! ಕೇಕಿಗೆ ಹಣ್ಣು ನೆನೆಹಾಕು!"

ಹಣ್ಣು ಮಗು ಹುಟ್ಟುವ ಮೊದಲಿನಿಂದ ರಮ್ಮಿನಲ್ಲಿ ನೆನೆಯುತ್ತಿದೆ. ನಾನು ಫೋನಿಟ್ಟು ನೆಲದ ಮೇಲೆ ಕುಳಿತೆ. ನಾನು ಹೆದರುವ ಸ್ವಭಾವದವಳು. ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡಿ, ಹಾಗೆ ನೋಡಿಯೇ ಅದನ್ನು ಎಬ್ಬಿಸುವವಳು. ಜ್ವರ, ಗಂಟಲಿಗೆ ಸಿಕ್ಕುವ ಗುಂಡಿ, ಕೆಮಾರ್ ತಿರುವಿನಲ್ಲಿ ಬಸ್ಸು ಓಡಿಸುವ ರೀತಿ, ಎಲ್ಲಕ್ಕೂ ಹೆದರುತ್ತೇನೆ. ಈಗ ಒಂದು ಹೊಸ ಹೆದರಿಕೆ. ಇನ್ನೂರು ವರ್ಷದ ನಂತರ ಯಾವಳೋ ಓದಿದ ಹುಡುಗಿ ನಿಮ್ಮ ದಾಖಲೆಯಲ್ಲಿ ಬೆರಳಿಟ್ಟು ಇಳಿಯುತ್ತ ಬಂದು ನನ್ನ ಮಗಳ ಸಾಲಿಗೆ ನಿಲ್ಲುತ್ತಾಳೆ. ಹೆಸರು: ಫಿಬಾ. ಒಡೆಯ: ಚರ್ಚು. ಪಕ್ಕದಲ್ಲಿ ತಾಯಿಯ ಹೆಸರು, ಈ ಸಲ ತಿಳಿದಿದೆ. ಇವಳ ತಾಯಿ ಆಗ ಏನು ಮಾಡುತ್ತಿದ್ದಳು ಎಂದು ಅವಳು ಕೇಳಿದರೆ ಏನು ಹೇಳಲಿ? ಹಸಿರು ಬಂತೆಂದು ಕೇಕು ಬೇಯಿಸುತ್ತಿದ್ದಳೆಂದೇ?

ನಿಮ್ಮ ಕಚೇರಿಯ ಪ್ರಕಾರ ಇದು ತಾಂತ್ರಿಕ ವಿಷಯ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಹಾಗೆಯೇ ಆಗಲಿ. ಯಜಮಾನರು ದಾಸರಿಗೆ ನ್ಯಾಯವಾದದ್ದನ್ನು ಸಲ್ಲಿಸಬೇಕೆಂದೂ ಅದೇ ಗ್ರಂಥದಲ್ಲಿದೆ. ನಿಮ್ಮ ಸೊತ್ತಿಗೆ ಗುರುವಾರ ಪಾಲಿಕ್ಲಿನಿಕ್ಕಿನಲ್ಲಿ ಲಸಿಕೆ ಇದೆ, ಕರೆದುಕೊಂಡು ಹೋಗಿ. ಹೊಟ್ಟೆನೋವಿಗೆ ಗ್ರೈಪ್ ವಾಟರ್ ಮುಗಿದಿದೆ. ಎಡ ಹೆಗಲ ಮೇಲೆ, ಸಮುದ್ರ ಕಾಣುವಂತೆ ಹಿಡಿದು ಓಡಾಡಿದರೆ ಮಾತ್ರ ಮಲಗುತ್ತದೆ, ನೀವು ಕುಳಿತರೆ ಅದಕ್ಕೆ ಗೊತ್ತಾಗುತ್ತದೆ. ಒಡೆಯನಾದ ಚರ್ಚು ಖುದ್ದಾಗಿ ಬರಲು ಅದರ ಗೋಡೆಗಳೇ ಅಡ್ಡವಾದರೆ ಅದರ ಪರವಾಗಿ ನೀವು ಬನ್ನಿ. ಹಳೆಯ ಅಂಗಿ ಹಾಕಿಕೊಂಡು ಬನ್ನಿ, ಹಾಲು ಕಕ್ಕುತ್ತದೆ. ಅಷ್ಟು ಹೊತ್ತು ನಾನು ಮಲಗಿರುತ್ತೇನೆ.

ಇದು ಆಗದಿದ್ದರೆ ನನ್ನ ಬೇಡಿಕೆ ಇಷ್ಟು. ಭಾನುವಾರ ನಾವು ಬರುತ್ತೇವೆ. ನಿಮ್ಮ ಕಂಪ್ಯೂಟರನ್ನು ತೊಟ್ಟಿಯ ಪಕ್ಕಕ್ಕೆ ತನ್ನಿ, ಆ ಹಳೆಯ ಪುಸ್ತಕವನ್ನೂ ತನ್ನಿ. ಸಭೆಯ ಎದುರು, ನಿಮ್ಮ ಕೈಯಿಂದಲೇ, ನನ್ನ ಮಗಳ ಸಾಲಿನ ಒಡೆಯನನ್ನು ಅಳಿಸಿ. ಹದಿನಾಲ್ಕನೆಯ ಸಾಲಿನ ಒಡೆಯನ ಮೇಲೆ ಗೆರೆ ಎಳೆಯಿರಿ. ಹೆಸರು ಓದುವ ಹಾಗೇ ಇರಲಿ, ಗೆರೆಯೂ ಕಾಣಲಿ. ದೀಕ್ಷೆ ಮುಗಿದ ಮೇಲೆ ನಿಧಾನವಾಗಿ ಮಾಡೋಣ ಎಂದು ನೀವು ಹೇಳಬಹುದೆಂದು ಅಜ್ಜಿಗೆ ಮೊದಲೇ ತಿಳಿದಿತ್ತು. ಅವಳ ಮಾತನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ:

"ಮೊದಲು ಗೆರೆ, ಆಮೇಲೆ ನೀರು. ಹೋದ್ಸಲ ಅವರು ನೀರು ಮೊದಲು ಹಾಕಿದ್ರು, ಗೆರೆ ಮರೆತೇಬಿಟ್ರು."

ಇಂತಿ,
ಕಡತದ ಪ್ರಕಾರ ನಿಮ್ಮದಾದ ಸೊತ್ತನ್ನು ಸದ್ಯಕ್ಕೆ ಎಡ ಹೆಗಲ ಮೇಲೆ ತೂಗುತ್ತಿರುವ
ರೋನೆಲ್ ಗಿಟ್ಟೆನ್ಸ್
ತಾಯಿ (ನಿಮ್ಮ ಅರ್ಜಿಯಲ್ಲಿ ಸರಿಯಾಗಿ ತುಂಬಿರುವ ಕಾಲಂ ಇದೊಂದೇ)