ಮೇಜಿನಡಿಯ ಚೀಟಿ

ಪ್ರೀತಿಯ ಅಕ್ಕ,

ಅಪ್ಪನ ಕೋಣೆಯ ಕಂಪ್ಯೂಟರ್ ಮೇಜನ್ನು ಯಾರಿಗಾದರೂ ಕೊಟ್ಟುಬಿಡು ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ನನ್ನ ಕೈಲಿ ಆಗಲಿಲ್ಲ. ಅದರ ಹಿಂದಿನ ಸಂಗತಿಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇಷ್ಟು ವರ್ಷವೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೆನಪಿದೆಯಾ, ದಿನವಿಡೀ ಅಂಗಡಿಯಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತಿ ಬಂದ ಅಪ್ಪ, ಚಪ್ಪಲಿ ಬಿಟ್ಟವರೇ ಕಂಪ್ಯೂಟರಿನ ಬೆನ್ನು ಮುಟ್ಟಿ ನೋಡುತ್ತಿದ್ದರು, ಮಗುವಿಗೆ ಜ್ವರ ಇದೆಯಾ ಅಂತ ನೋಡುವ ಹಾಗೆ. "ಯಾರೂ ಕೂತಿಲ್ಲ, ಆದ್ರೂ ಬೆಚ್ಚಗಿದೆ. ಪಾಪ, ಸುಮ್ನೆ ದುಡೀತಿದೆ ಕಣ್ರಮ್ಮ" ಅನ್ನುತ್ತ, ನಿಂತಲ್ಲಿಂದಲೇ ಕಾಲ ಹೆಬ್ಬೆರಳಿನಿಂದ ಮೇಜಿನಡಿ ನೆಲದ ಹತ್ತಿರವಿದ್ದ ಸ್ವಿಚ್ ಆರಿಸುತ್ತಿದ್ದರು. ಪ್ರಿಂಟರು, ಸ್ಪೀಕರು, ಮಿಣಮಿಣ ಅನ್ನುವ ಪುಟ್ಟ ದೀಪ, ಒಂದನ್ನೂ ಬಿಡುತ್ತಿರಲಿಲ್ಲ. ನೀನು ಹಣೆ ಚಚ್ಚಿಕೊಳ್ಳುತ್ತಿದ್ದೆ. ನಾನು ಮಾತ್ರ ಅವರ ಬಾಲ. ಅವರಿಗಿಂತ ಮೊದಲೇ ಮೇಜಿನಡಿ ನುಗ್ಗಿ ಆರಿಸಿದರೆ "ಭೇಷ್ ಚೋಟು" ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಸಂಜೆಯವರೆಗೆ ಕಾಯುತ್ತಿದ್ದೆ.

ಆ ಭಾನುವಾರ ನೀನು ಕಾಲೇಜಿನ ಪ್ರಾಜೆಕ್ಟ್ ಟೈಪ್ ಮಾಡುತ್ತಾ ಊಟಕ್ಕೆ ಎದ್ದು ಹೋಗಿದ್ದೆ. ಪರದೆ ಕಪ್ಪಾಗಿತ್ತು, ಬೆನ್ನು ಬೆಚ್ಚಗಿತ್ತು. ಆರಿಸಿದ್ದು ಅಪ್ಪ ಅಲ್ಲ ಅಕ್ಕ, ನಾನು.

ಸೇವ್ ಮಾಡದ ಇಪ್ಪತ್ತೆರಡು ಪುಟ ಹೋಯಿತೆಂದು ನೀನು ಅತ್ತಾಗ ನಾನು ಬಾಗಿಲ ಮರೆಯಲ್ಲಿ ಅವಿತು ನಿಂತಿದ್ದೆ. ಅಪ್ಪ ನನ್ನ ಮುಖ ಒಮ್ಮೆ ನೋಡಿ, "ನಾನೇ ಆರಿಸ್ದೆ. ತಪ್ಪಾಯ್ತು ಕಣಮ್ಮ" ಅಂದರು. ನೀನು ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟೆ. ಆಮೇಲೆ ಮಾತಾಡಿದರೂ "ನನ್ನ ಓದು ಅಪ್ಪನಿಗೆ ಲೆಕ್ಕಕ್ಕೇ ಇರಲಿಲ್ಲ" ಅನ್ನುವುದನ್ನು ಬಿಡಲಿಲ್ಲ. ಮೊನ್ನೆಯೂ ಅಂದೆ. ಅವರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ.

ನಿನಗೆ ಗೊತ್ತಿಲ್ಲದ ಇನ್ನೊಂದು ವಿಷಯ. ಮರುದಿನ ನಾನು ಮೇಜಿನಡಿ ನುಗ್ಗಿದಾಗ, ಹಲಗೆಯ ಕೆಳಬದಿಗೆ ಒಂದು ಚೀಟಿ ಅಂಟಿತ್ತು. ಆರಡಿ ಎತ್ತರದ ಅಪ್ಪ ಅಲ್ಲಿಗೆ ಹೇಗೆ ನುಸುಳಿದರೋ. ಅವರದೇ ಸೊಟ್ಟ ಅಕ್ಷರ: "ಚೋಟು, ಅಕ್ಕನ್ನ ಕೇಳಿ ಆರಿಸು." ಬೈಗುಳವಿಲ್ಲ, ಆಮೇಲೆ ಯಾವತ್ತೂ ಆ ಮಾತಿಲ್ಲ. ಅವರೇ ಮುಚ್ಚಿಟ್ಟರಲ್ಲ ಅಂತ ನಾನೂ ಹಾಯಾಗಿ ಬೆಳೆದುಬಿಟ್ಟೆ.

ಚೀಟಿ ಈಗಲೂ ಅಲ್ಲೇ ಇದೆ. ಒಮ್ಮೆ ಬಾ. ಮಂಡಿ ನೋವು ಅನ್ನಬೇಡ, ಇಬ್ಬರೂ ಮೇಜಿನಡಿ ಕೂತು ಓದೋಣ. ಬೈಯುವುದಿದ್ದರೆ ನನ್ನನ್ನು ಬೈ, ಅಪ್ಪನನ್ನು ಬಿಟ್ಟುಬಿಡು. ನಿನ್ನ ಮನೆ ಸದಾ ಬೆಳಗುತ್ತಿರಲಿ.

ಈಗಲೂ ಕಂಡ ಕಂಡ ಸ್ವಿಚ್ ಆರಿಸುವ, ಆದರೆ ಕೇಳಿಯೇ ಆರಿಸುವ,
ನಿನ್ನ ಚೋಟು