ಒಂದು ಕಾಲುಚೀಲಕ್ಕಾಗಿ ಮೇಲ್ಮನವಿ

ನಮ್ಮ ರಾಜ್ಯದ ಸೆರೆಮನೆಗಳ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಾಯಿಯ ಗಂಟಲಿನಿಂದ ಕಾಲುಚೀಲ ಎಳೆದು ತೆಗೆದ ಕೈದಿಗೆ ಶಿಕ್ಷೆ ಆಗಲೇಬೇಕೆಂದು ನೀವು ಮೇಲಿನ ನ್ಯಾಯಾಲಯದ ಮೆಟ್ಟಿಲೇರಿದ್ದೀರಿ. ದಯವಿಟ್ಟು ಇಳಿದು ಬನ್ನಿ.

ನಾನು ಊರಿನ ಹೋಟೆಲಿನಲ್ಲಿ ಪ್ಯಾನ್‌ಕೇಕ್ ಬಡಿಸುವವಳು. ಕಣ್ಣಿಲ್ಲದವರಿಗೆ ದಾರಿ ತೋರಬೇಕಾದ ನಾಯಿಗಳನ್ನು ನಿಮ್ಮ ಕೈದಿಗಳು ಮರಿಯಿಂದ ಬೆಳೆಸುತ್ತಾರಲ್ಲ, ಆ ಮರಿಗಳಿಗೆ ಬಸ್ಸು, ಜನಜಂಗುಳಿ, ಜಾರುವ ಬಾಗಿಲು ಇವೆಲ್ಲ ಸೆರೆಮನೆಯೊಳಗೆ ಎಲ್ಲಿ ಸಿಗಬೇಕು? ಹಾಗಾಗಿ ವಾರಾಂತ್ಯಕ್ಕೆ ನಮ್ಮಂಥವರು ಅವನ್ನು ಹೊರಗೆ ಸುತ್ತಾಡಿಸುತ್ತಾರೆ. ನನ್ನ ಪಾಲಿಗೆ ಬಂದವಳು ಹೇಜಲ್, ಕಪ್ಪು ಲ್ಯಾಬ್ರಡಾರ್. ಅವಳನ್ನು ಎಂಟು ವಾರದ ಮರಿಯಿಂದ ಬೆಳೆಸಿದವರು ಲೂಥರ್ ಬೀಮನ್, ಹತ್ತೊಂಬತ್ತು ವರ್ಷಗಳಿಂದ ನಿಮ್ಮ ಅತಿಥಿ.

ಮಾರ್ಚ್ ತಿಂಗಳಲ್ಲಿ ಒಂದು ದಿನ, ಕೈದಿಗಳೆಲ್ಲ ಎದ್ದು ನಿಲ್ಲಬೇಕಾದ ಎಣಿಕೆಯ ಹೊತ್ತಿಗೆ ಸರಿಯಾಗಿ ಹೇಜಲ್ ಬೀಮನ್ನರ ಕಾಲುಚೀಲ ನುಂಗಿದಳು. ಅವರು ನೆಲದ ಮೇಲೆ ಮಂಡಿಯೂರಿ ಅದನ್ನು ಎಳೆಯುತ್ತಿದ್ದಾಗ ಬಾಗಿಲಿಗೆ ಬಂದ ಸಾರ್ಜೆಂಟ್, "ಏಳಯ್ಯಾ ಮೇಲೆ, ಎಣಿಸ್ಬೇಕು" ಎಂದರಂತೆ.

"ಒಂದ್ನಿಮಿಷ ಸಾರ್, ಉಸಿರು ಕಟ್ತಾ ಇದೆ ಇದಕ್ಕೆ."

"ನಾವು ನಾಯಿ ಎಣಿಸೋದಿಲ್ಲ, ನಿನ್ನ ಎಣಿಸೋದು."

"ಕೂತ್ರೂ ನಾನು ಒಬ್ನೇ ಅಲ್ವಾ ಸಾರ್, ಎಣಿಸ್ಕೊಳ್ಳಿ."

ನಾಯಿ ಬದುಕಿತು, ಆರೋಪಗಳು ಹುಟ್ಟಿದವು: ಆದೇಶ ಪಾಲಿಸಲಿಲ್ಲ, ಎಣಿಕೆಗೆ ಅಡ್ಡಿಪಡಿಸಿದ, ಮೂರನೆಯದಾಗಿ ಸರ್ಕಾರಿ ಸ್ವತ್ತನ್ನು ಹಾಳುಮಾಡಿದ. ಸ್ವತ್ತು ಯಾವುದು? ಸೆರೆಮನೆಯವರೇ ಕೊಟ್ಟ ಅದೇ ಕಾಲುಚೀಲ!

ಸೆರೆಮನೆಯೊಳಗೇ ನಡೆದ ವಿಚಾರಣೆಯಲ್ಲಿ ಬೀಮನ್, ಎದುರು ಕೋಣೆಯಿಂದ ಎಲ್ಲವನ್ನೂ ನೋಡಿದ್ದ ಮುದುಕ ಹಾಲ್ವರ್‌ಸನ್ ಅವರನ್ನು ಸಾಕ್ಷಿಯಾಗಿ ಕರೆಸಿ ಎಂದು ಕೇಳಿಕೊಂಡರು. ವಿಚಾರಣಾಧಿಕಾರಿಯ ಉತ್ತರ ಧ್ವನಿಸುರುಳಿಯಲ್ಲಿದೆ: "ಅವ್ನೇನ್ ಹೇಳ್ತಾನೆ ಅಂತ ನಂಗೊತ್ತು ಬಿಡು." ಮಾನ್ಯರೇ, ಸಾಕ್ಷಿಯ ಬಾಯಿ ತೆರೆಸದೆಯೇ ಅವನ ಮಾತು ತಿಳಿಯುವ ಈ ಪ್ರತಿಭೆ ನಿಮ್ಮ ಇಲಾಖೆಯಲ್ಲಿ ಇನ್ನೆಷ್ಟು ಜನರಿಗಿದೆ? ಅರವತ್ತು ದಿನ ಒಂಟಿ ಕೋಣೆ. ನಾಯಿ ಸಾಕುವ ಕೆಲಸದಿಂದ ವಜಾ.

ಆ ಅರವತ್ತು ದಿನ ಮುಗಿಸಿ ಬಂದ ಬೀಮನ್ ಸೆರೆಮನೆಯ ಗ್ರಂಥಾಲಯದಲ್ಲಿ ಕೂತು, ವಕೀಲರಿಲ್ಲದೆ, ಪೆನ್ಸಿಲಿನಲ್ಲಿ ನ್ಯಾಯಾಲಯಕ್ಕೆ ಅರ್ಜಿ ಬರೆದರು. ಗೆದ್ದರು. ಕಾರಣ ಕೊಡದೆ ಸಾಕ್ಷಿಯನ್ನು ನಿರಾಕರಿಸುವಂತಿಲ್ಲ ಎಂದು ನ್ಯಾಯಾಧೀಶರು ಶಿಕ್ಷೆಯನ್ನು ರದ್ದುಮಾಡಿ, ಅವರನ್ನು ಅದೇ ಕೆಲಸಕ್ಕೆ ಮರಳಿಸಲು ಹೇಳಿದರು. ಅಂದು ನಾನು ಹೋಟೆಲಿನಲ್ಲಿ ಎಲ್ಲರಿಗೂ ಪುಕ್ಕಟೆ ಕಾಫಿ ಹಂಚಿ ಮಾಲೀಕರಿಂದ ಬೈಸಿಕೊಂಡೆ.

ಮರುವಾರವೇ ನಿಮ್ಮ ಮೇಲ್ಮನವಿ. ಕೈದಿಗಳ ಹಕ್ಕುಗಳ ಕರಪತ್ರಗಳನ್ನು ಪಾಠದಂತೆ ಓದಿರುವುದರಿಂದ ನನಗೆ ಗೊತ್ತು: ಸರ್ಕಾರ ಮೇಲ್ಮನವಿ ಹಾಕಿದರೆ ಸಾಕು, ತೀರ್ಪಿನ ಜಾರಿ ತಾನಾಗಿಯೇ ನಿಂತುಹೋಗುತ್ತದೆ. ಕೈದಿ ಹಾಕಿದರೆ ಶಿಕ್ಷೆ ನಿಲ್ಲುತ್ತದೆಯೇ? ಇಲ್ಲ. ನಿಮ್ಮ ಪ್ರಕರಣ ಮುಗಿಯಲು ಒಂದು ವರ್ಷ ಬೇಕು. ದಾರಿ ತೋರುವ ನಾಯಿಯಾಗಲು ಹೇಜಲ್ ಗೆಲ್ಲಬೇಕಾದ ಪರೀಕ್ಷೆಗೆ ಉಳಿದಿರುವುದು ಮೂರು ವಾರ. ಈಗ ಅವಳನ್ನು ನೋಡಿಕೊಳ್ಳುವವರು ಒಳ್ಳೆಯವರೇ, ಆದರೆ ಅವರು ಕೂರು ಎಂದರೆ ಅವಳು ಬಾಗಿಲು ನೋಡುತ್ತಾಳೆ. ಪರೀಕ್ಷೆಯಲ್ಲಿ ಸೋತರೆ ಕಣ್ಣಿಲ್ಲದವರೊಬ್ಬರು ಇನ್ನೆರಡು ವರ್ಷ ನಾಯಿಗಾಗಿ ಕಾಯಬೇಕು.

ಬೀಮನ್ ಪರಿಹಾರ ಕೇಳಿಲ್ಲ, ಕ್ಷಮೆಯನ್ನೂ ಕೇಳಿಲ್ಲ. ಮೇಲ್ಮನವಿಯನ್ನು ಹಿಂತೆಗೆದುಕೊಳ್ಳಿ. ಅಷ್ಟು ದೊಡ್ಡ ಮನಸ್ಸು ಮಾಡಲಾಗದಿದ್ದರೆ ವಾದ ಮುಂದುವರಿಸಿ, ಆದರೆ ಸೋಮವಾರ ಬೆಳಿಗ್ಗೆ ಹೇಜಲ್‌ಳ ಹಗ್ಗವನ್ನು ಅವರ ಕೈಗೆ ಕೊಡಿ. ನೀವು ಮುಂದಿನ ವರ್ಷ ಗೆದ್ದರೆ ಹೇಗೂ ಕಸಿದುಕೊಳ್ಳಬಹುದು. ಅಷ್ಟರಲ್ಲಿ ಅವಳು ಯಾರನ್ನೋ ರಸ್ತೆ ದಾಟಿಸುತ್ತಿರುತ್ತಾಳೆ.

ಇಂತಿ,
ಹಿಂದಿನ ಮೂರು ಪತ್ರಗಳಿಗೂ "ತಲುಪಿದೆ" ಎಂಬ ಒಂದೇ ಉತ್ತರ ಪಡೆದ,
ಮಾರ್ಗೊ ಸ್ಟೋಲ್ಜ್