ಅಯಸ್ಕಾಂತದ ಗುಹೆಯಲ್ಲಿ ಮಲಗಿ ಬಂದದ್ದು

ಶಿರಾ
೧೨-೧೧-೧೯೮೯

ಪ್ರೀತಿಯ ಅಣ್ಣಯ್ಯನಿಗೆ, ತಂಗಿ ಜಗದಾಂಬಳ ಶರಣು.

ಹೇಗಿದ್ದೀಯ? ಕಡಲೆಕಾಯಿ ಕಿತ್ತಾಯಿತೇ? ಎಡಗಿವಿಯ ಗುಂಯ್ ಅನ್ನುವ ಸದ್ದು ಕಡಿಮೆಯಾಯಿತೇ? ನೀನು ಗೋಡೆ ಹಿಡಿದು ನಡೆಯುತ್ತೀಯೆಂದು ಚನ್ನಮಲ್ಲಮ್ಮ ಅತ್ತಿಗೆ ಬರೆದಿದ್ದಾರೆ. ಅವ್ವನಿಗೂ ಹೀಗೇ ಶುರುವಾಗಿದ್ದು. ಮೊದಲು ಕಿವಿ ಹೋಯಿತು, ಆಮೇಲೆ ಕಾಲು ತಡವರಿಸಿತು, ಐವತ್ತು ತುಂಬುವ ಮೊದಲೇ ಅವಳೂ ಹೋದಳು. ಡಾಕ್ಟರು ನಿನಗೆ ಮದರಾಸಿನ ಸ್ಕ್ಯಾನಿಗೆ ಚೀಟಿ ಬರೆದುಕೊಟ್ಟು ಮಳೆಗಾಲವೇ ಕಳೆಯಿತು. ಗೌರಿಹಬ್ಬಕ್ಕೆ ಬಾಗಿನ ತಂದಾಗ, "ಮೈಮೇಲಿನ ಲಿಂಗ ತೆಗೆದಿಟ್ಟು ಆ ಗುಹೆಯೊಳಕ್ಕೆ ಹೋಗಾಕಿಲ್ಲ ಕಣಮ್ಮ, ಸತ್ರೂ ಹೋಗಾಕಿಲ್ಲ" ಅಂದೆಯಲ್ಲ, ಆ ಮಾತಿಗೇ ಈ ಕಾಗದ. ನನಗೂ ತಲೆಸುತ್ತು ಬರುತ್ತಿತ್ತು. ನಿನಗೆ ಹೇಳದೆ ಮದರಾಸಿಗೆ ಹೋಗಿ ಅದರೊಳಗೆ ಮಲಗಿ ಬಂದಿದ್ದೇನೆ. ಬೈಯಬೇಡ, ಪೂರ್ತಿ ಓದು.

ಅದು ದೊಡ್ಡ ಅಯಸ್ಕಾಂತವಂತೆ. ಅದಕ್ಕೇ ಬಳೆ, ಕಾಲುಂಗುರ, ಜಡೆಪಿನ್ನು, ತಾಳಿ ಎಲ್ಲ ಬಿಚ್ಚಿಸಿದರು. ನಮ್ಮನೆಯವರು ತಾಳಿ ಕಳೆದುಹೋದೀತೆಂದು ತಮ್ಮ ಕೊರಳಿಗೇ ಹಾಕಿಕೊಂಡು ಹೊರಗೆ ಬೆಂಚಿನ ಮೇಲೆ ಕೂತರು. ಹೋಗಿ ಬರುವವರೆಲ್ಲ ತಿರುಗಿ ನೋಡುತ್ತಿದ್ದರಂತೆ. ಕೊನೆಗೆ ಲಿಂಗವಿಟ್ಟ ನನ್ನ ಬೆಳ್ಳಿ ಕರಡಿಗೆಯ ಸರದಿ ಬಂತು. ನಾನೂ ನಿನ್ನ ಹಾಗೇ ಹಟ ಹಿಡಿದೆ. ಅವರಿಗೆ ಬಿಡಿಸಿ ಹೇಳುವ ಹೊತ್ತಿಗೆ ನನಗೇ ಹೊಳೆಯಿತು: ಬಿಡಬಾರದ್ದು ಲಿಂಗವನ್ನು, ಕರಡಿಗೆಯನ್ನಲ್ಲ. ನಮ್ಮಜ್ಜಿಗೆ ಬೆಳ್ಳಿ ಎಲ್ಲಿತ್ತು? ಜೀವಮಾನವೆಲ್ಲ ಬಟ್ಟೆಯಲ್ಲಿ ಸುತ್ತಿಯೇ ಕಟ್ಟಿಕೊಂಡಿದ್ದಳು. ಯಂತ್ರ ನಡೆಸುವವರು ಲಿಂಗವನ್ನು ನನ್ನ ಅಂಗೈಯಲ್ಲೇ ನೋಡಿ, ಲೋಹವಿಲ್ಲವೆಂದು ಖಾತ್ರಿ ಮಾಡಿಕೊಂಡು ಒಪ್ಪಿದರು. ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಮಲಗಿದೆ. ಇನ್ನು ನಿನಗೆ ಆ ನೆಪವೂ ಇಲ್ಲ.

ನೋವಿಲ್ಲ, ಸುಡುವುದಿಲ್ಲ. ಕಿವಿಗೆ ಹತ್ತಿ ಇಟ್ಟು, ಮುಖದ ಮೇಲೆ ಪಂಜರದಂಥದ್ದೊಂದು ಹಾಕಿ, ಮಂಚದ ಸಮೇತ ಒಳಗೆ ತಳ್ಳುತ್ತಾರೆ. ಮೂಗಿನ ಮೇಲೇ ಸೂರು. ಗಾಬರಿಯಾದರೆ ಒತ್ತಲು ಕೈಗೊಂದು ರಬ್ಬರಿನ ಬುರುಡೆ ಕೊಡುತ್ತಾರೆ. ಅಲುಗಬಾರದು ಅಂದದ್ದಕ್ಕೆ ನಾನು ಉಸಿರನ್ನೂ ಬಿಗಿಹಿಡಿದಿದ್ದೆ. "ಊಪಿರಿ ತೀಸ್ಕೋಮ್ಮಾ" ಎಂದು ಎಲ್ಲಿಂದಲೋ ತೆಲುಗು ಕೇಳಿಸಿತು. ಉಸಿರಾಡು ಅಂದದ್ದು ಅರ್ಥವಾಯಿತು, ತೆಲುಗಿನ ಪಾವಗಡದಲ್ಲಿ ಹುಟ್ಟಿದ್ದು ಅಲ್ಲಿ ಉಪಯೋಗಕ್ಕೆ ಬಂತು ನೋಡು.

ಆಮೇಲೆ ಸದ್ದು. ಟಕಟಕ, ಢಣಢಣ, ನಿಲ್ಲುತ್ತದೆ, ಮತ್ತೆ ಶುರು. ಕಣ್ಣು ಮುಚ್ಚಿದ ಮೇಲೆ ಸದ್ದು ದೂರ ದೂರ ಹೋಯಿತು. ನಿದ್ದೆಯೋ ಎಚ್ಚರವೋ ತಿಳಿಯದು. ಬುಕ್ಕಾಪಟ್ಟಣದ ಕಾವಲಿನಲ್ಲಿ ಅವ್ವ ಮುಂದೆ, ನಾವಿಬ್ಬರು ಹಿಂದೆ. ಒಣಹುಲ್ಲೆಲ್ಲ ಬಿಸಿಲಿಗೆ ಹಳದಿ. ಪೊದೆಯ ಪಕ್ಕ ಜಿಂಕೆಯೊಂದು ನಿಂತು ನಮ್ಮನ್ನೇ ನೋಡುತ್ತಿತ್ತು. ನಾನು ಪಿಸುಮಾತಿನಲ್ಲಿ "ಅವ್ವಾ, ಅಲ್ಲಿ" ಅಂದೆ. ಅವಳು ತಕ್ಷಣ ತಿರುಗಿದಳು ಅಣ್ಣಯ್ಯ, ಅವಳಿಗೆ ಕೇಳಿಸಿತು. ಕೊನೆಕೊನೆಗೆ ನಾವು ಕಿವಿಯ ಹತ್ತಿರ ಕೂಗಿದರೂ ಸುಮ್ಮನೆ ನಗುತ್ತಿದ್ದವಳು. ಮಂಚ ಹೊರಗೆ ಬಂದಾಗ ಕಣ್ಣೀರು ಕೆನ್ನೆಗಿಳಿದಿತ್ತು. ಹೆದರಿದಿರಾ ಎಂದು ಕೇಳಿದರು. ಇಲ್ಲ, ತುಂಬ ಸಂತೋಷವಾಗಿದ್ದೆ, ಇನ್ನೊಂದು ಗಳಿಗೆ ಅಲ್ಲೇ ಇರಬೇಕೆನಿಸಿತ್ತು.

ನಮ್ಮನೆಯವರು ನಿನ್ನನ್ನು ಕೇಳಿದ್ದಾರೆ. ಅತ್ತಿಗೆಗೆ ಶರಣು, ಮಕ್ಕಳಿಗೆ ಆಶೀರ್ವಾದ.

ನಿನ್ನ ತಂಗಿ,
ಜಗದಾಂಬ

ಮರೆತೆ: ಸ್ಕ್ಯಾನಿನಲ್ಲಿ ನನಗೆ ಎರಡೂ ಕಿವಿಯ ಹಿಂದೆ ಗೆಡ್ಡೆ ಕಂಡಿದೆ. ಅವ್ವನದೂ ಇದೇ ಇರಬೇಕು, ರಕ್ತದಲ್ಲಿ ಬರುವಂಥದ್ದು, ನಿನ್ನನ್ನೂ ಬೇಗ ನೋಡಬೇಕು ಅಂದರು ಡಾಕ್ಟರು. ಬೇಗ ಸಿಕ್ಕಿದ್ದರಿಂದ ಜೀವಕ್ಕೆ ಭಯವಿಲ್ಲ, ಕಿವಿ ಮಾತ್ರ ಉಳಿಯುವುದು ಅನುಮಾನವಂತೆ. ಮುಂದಿನ ತಿಂಗಳು ಆಪರೇಷನ್. ಚೀಟಿ ತೆಗೆದುಕೊಂಡು ಬಾ, ಒಟ್ಟಿಗೇ ಮದರಾಸಿಗೆ ಹೋಗೋಣ. ದಾರಿಯುದ್ದಕ್ಕೂ ಮಾತಾಡುತ್ತಾ ಇರು. ಇದಕ್ಕೆ ಉತ್ತರ ಬರೆಯಬೇಡ, ನೀನೇ ಬಾ. ಕಾಗದವನ್ನು ಕಿವಿ ಹೋದ ಮೇಲೂ ಓದಬಹುದು.